ಮೊದಲು ಹಂಚಲಿ, ಆಮೇಲೆ ಬರೆಯಲಿ: ದೀರ್ಘ ಭಾಗಾಕಾರವನ್ನು ಕಣ್ಣಿಗೆ ಕಾಣಿಸುವ ಬಗೆ



ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ಪ್ರಾಥಮಿಕ ಶಾಲೆಯ ಒಂದೇ ಒಂದು ಲೆಕ್ಕವನ್ನು ಕುರಿತು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯ ಸಂಖ್ಯೆಯಿಂದ ಭಾಗಿಸುವ ಲೆಕ್ಕ. ಇಷ್ಟಕ್ಕೆ ಒಂದು ಉಪನ್ಯಾಸ ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬೇಕು ಎನ್ನುವುದಕ್ಕೆ ಎರಡು ಅಂಕಿಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ನಡೆಸುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಗಣಿತದ ಕೊನೆಯ ಮೆಟ್ಟಿಲು ಇದೇ ಲೆಕ್ಕ. 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಇದನ್ನು ಮಾಡಬಲ್ಲವರು ಶೇಕಡಾ 30.7. ಎಂಟನೇ ತರಗತಿಯಲ್ಲಿ ಶೇಕಡಾ 45.8. ಅಂದರೆ ಬೀಜಗಣಿತ, ದಶಮಾಂಶ, ಅನುಪಾತ ಎಲ್ಲವೂ ಶುರುವಾಗಿರುವ ಎಂಟನೇ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈ ಲೆಕ್ಕದ ಈಚೆ ದಡದಲ್ಲೇ ನಿಂತಿದ್ದಾರೆ. ಅವರು ದಡ್ಡರಲ್ಲ. ಅವರಲ್ಲಿ ಎಷ್ಟೋ ಮಂದಿ ಸಂತೆಯಲ್ಲಿ ಅಪ್ಪನ ಜೊತೆ ಕೂತು ಚಿಲ್ಲರೆ ಎಣಿಸಿ ಕೊಡುವ ಮಕ್ಕಳು. ಕೈಗೆ ಗೊತ್ತಿರುವುದು ಕಾಗದದ ಮೇಲೆ ಬರುತ್ತಿಲ್ಲ, ಅಷ್ಟೆ.

ಯಾಕೆ ಬರುತ್ತಿಲ್ಲ? ನಮ್ಮ ತರಗತಿಗಳಲ್ಲಿ ಭಾಗಾಕಾರ ಹೇಗೆ ಕೇಳಿಸುತ್ತದೆ ನೋಡಿ. 546ನ್ನು 4ರಿಂದ ಭಾಗಿಸಬೇಕು. "ಐದರಲ್ಲಿ ನಾಲ್ಕು ಎಷ್ಟು ಸಲ? ನಾಲ್ಕೊಂದ್ಲ ನಾಲ್ಕು. ಮೇಲೆ ಒಂದು ಬರಿ, ಕೆಳಗೆ ನಾಲ್ಕು ಬರಿ, ಕಳಿ. ಒಂದು ಉಳೀತು. ಪಕ್ಕದ ನಾಲ್ಕನ್ನ ಇಳಿಸ್ಕೋ. ಹದಿನಾಲ್ಕಾಯ್ತು. ನಾಲ್ಕ್‌ಮೂರ್ಲ ಹನ್ನೆರಡು..." ಇದರಲ್ಲಿ ತಪ್ಪಿಲ್ಲ, ಉತ್ತರವೂ ಸರಿ ಬರುತ್ತದೆ. ಆದರೆ ಈ ಮಾತುಗಳಲ್ಲಿ ಐನೂರು ಎಲ್ಲೂ ಇಲ್ಲ. ಐದು ಇದೆ. ನೂರು, ಹತ್ತು ಎನ್ನುವ ಮಾತೇ ಬರದೆ ಲೆಕ್ಕ ಮುಗಿದುಹೋಗುತ್ತದೆ. ಸ್ಥಾನಬೆಲೆ ಗಟ್ಟಿಯಾಗಿರುವ ಮಗು ಅದನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತದೆ. ಗಟ್ಟಿಯಾಗಿಲ್ಲದ ಮಗುವಿಗೆ ಇದು ಅರ್ಥವಿಲ್ಲದ ಅಪ್ಪಣೆಗಳ ಸಾಲು. ಇದರ ಜೊತೆಗೆ ಮಗ್ಗಿ ನೆನಪಿರಬೇಕು, ದಶಕ ತೆಗೆದುಕೊಂಡು ಕಳೆಯುವುದು ಬರಬೇಕು, ಅಂಕಿಗಳನ್ನು ಒಂದರ ಕೆಳಗೊಂದು ನೇರವಾಗಿ ಬರೆಯಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಇಡೀ ಲೆಕ್ಕ ಕುಸಿಯುತ್ತದೆ, ಎಲ್ಲಿ ಕುಸಿಯಿತು ಎಂದು ಮಗುವಿಗೆ ತಿಳಿಯುವುದಿಲ್ಲ.

ನಾನು ಹೇಳಬೇಕೆಂದಿರುವುದು ಇದು: ದೀರ್ಘ ಭಾಗಾಕಾರ ಎನ್ನುವುದು ನಡೆದುಹೋದ ಒಂದು ಹಂಚಿಕೆಯ ಬರವಣಿಗೆ. ಹಂಚಿಕೆ ಮೊದಲು ನಡೆಯಬೇಕು, ಕಣ್ಣೆದುರು, ಮಗುವಿನ ಕೈಯಲ್ಲೇ. ಬರವಣಿಗೆ ಅದರ ಹಿಂದೆ ಹೆಜ್ಜೆಹೆಜ್ಜೆಗೆ ಬರಬೇಕು. ನಾವು ಬರವಣಿಗೆಯನ್ನು ಮೊದಲು ಕಲಿಸಿ, ಹಂಚಿಕೆಯನ್ನು ಪುಸ್ತಕದ ಚಿತ್ರಕ್ಕೆ ಬಿಟ್ಟಿದ್ದೇವೆ.

ಹಂಚುವುದಕ್ಕೆ ಏನು ಬೇಕು ಎನ್ನುವುದರಲ್ಲೇ ಮೊದಲ ಎಚ್ಚರ ಇರಬೇಕು. ಹುಣಿಸೆ ಬೀಜ, ಕಡ್ಡಿ, ಬೆಣಚುಕಲ್ಲು ನಮ್ಮ ಶಾಲೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಹನ್ನೆರಡು ಬೀಜಗಳನ್ನು ಮೂವರಿಗೆ ಹಂಚಿ ಭಾಗಾಕಾರದ ಅರ್ಥ ತಿಳಿಸಲು ಅವು ಸಾಕು. ಆದರೆ ದೀರ್ಘ ಭಾಗಾಕಾರಕ್ಕೆ ಅವು ಒದಗುವುದಿಲ್ಲ. 546 ಬೀಜಗಳನ್ನು ಒಂದೊಂದಾಗಿ ನಾಲ್ವರಿಗೆ ಹಾಕುತ್ತಾ ಹೋದರೆ ಉತ್ತರ ಸಿಗಬಹುದು, ನೂರು-ಹತ್ತು-ಬಿಡಿ ಎನ್ನುವ ಕಟ್ಟು ಸಿಗುವುದಿಲ್ಲ. ನಮಗೆ ಬೇಕಾದದ್ದು ಹತ್ತಕ್ಕೆ ಒಂದು ಕಟ್ಟಾಗುವ, ಬೇಕಾದಾಗ ಒಡೆದು ಹತ್ತಾಗುವ ವಸ್ತು. ಮರಿಯಾ ಮಾಂಟೆಸ್ಸೊರಿಯವರ ಮಣಿಗಳು ಹಾಗಿದ್ದವು: ಬಿಡಿ ಮಣಿ, ಹತ್ತು ಮಣಿಯ ಸರಳು, ನೂರು ಮಣಿಯ ಚೌಕ, ಸಾವಿರದ ಘನ. ಭಾಗಾಕಾರಕ್ಕೆಂದೇ ಅವರ ಪದ್ಧತಿಯಲ್ಲಿ ಬಣ್ಣದ ಮಣಿಗಳ ನಳಿಕೆಗಳಿವೆ. ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜೋಲ್ತಾನ್ ಡೀನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಬಿಲ್ಲೆ, ಪಟ್ಟಿ, ಘನಗಳೂ ಇದೇ ತತ್ವದವು. ಅಕ್ಷರ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆಗೂಡಿ ನಡೆಸಿದ ಗಣಿತ ಕಲಿಕಾ ಆಂದೋಲನದ ಮೂಲಕ ನಮ್ಮ ಸರ್ಕಾರಿ ಶಾಲೆಗಳಿಗೂ ಗಣಿತದ ಕಿಟ್ ಬಂದಿದೆ. ಅದೂ ಇಲ್ಲದ ಕಡೆ ಆಟದ ನೋಟುಗಳು ಸಾಕು. ರಟ್ಟಿನ ಚೂರುಗಳ ಮೇಲೆ 100, 10, 1 ಎಂದು ಮಕ್ಕಳ ಕೈಯಲ್ಲೇ ಬರೆಸಿಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಈ ನೋಟುಗಳ ಮೇಲೆ. ನೂರರ ನೋಟನ್ನು ಮುರಿಸಿದರೆ ಹತ್ತರ ಹತ್ತು ನೋಟು ಬರುತ್ತದೆ ಎನ್ನುವುದನ್ನು ಯಾವ ಮಗುವಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಈಗ 546 ರೂಪಾಯಿಯನ್ನು ನಾಲ್ವರಿಗೆ ಸಮನಾಗಿ ಹಂಚೋಣ. ನೆಲದ ಮೇಲೆ ನಾಲ್ಕು ಹಾಳೆ ಹಾಸಿ. ಪ್ರತಿ ಹಾಳೆಯಲ್ಲೂ ಮೂರು ಕಂಬಸಾಲು, ಮೇಲೆ ನೂ, ಹ, ಬಿ ಎಂದು ಬರೆದಿರಲಿ. ಐದು ನೂರರ ನೋಟುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಾಯಿತು. ನಾಲ್ಕು ಹೋಯಿತು, ಒಂದು ಉಳಿಯಿತು. ಆ ಒಂದು ನೂರನ್ನು ನಾಲ್ವರಿಗೆ ಹಾಗೇ ಕೊಡಲು ಆಗುವುದಿಲ್ಲ, ಮುರಿಸಬೇಕು. ಬ್ಯಾಂಕಿನ ಕೆಲಸಕ್ಕೆ ಕೂತ ಮಗು ಅದನ್ನು ತೆಗೆದುಕೊಂಡು ಹತ್ತರ ಹತ್ತು ನೋಟು ಕೊಡುತ್ತದೆ. ನಮ್ಮ ಹತ್ತಿರ ಮೊದಲೇ ನಾಲ್ಕು ಹತ್ತರ ನೋಟು ಇದ್ದವು. ಈಗ ಹದಿನಾಲ್ಕಾದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಶಿಕ್ಷಕರು ಅವಸರ ಮಾಡದೆ ನಿಲ್ಲಲೇಬೇಕಾದ ಜಾಗ ಇದೊಂದೇ. ಕಾಗದದ ಮೇಲೆ ಉಳಿದ 1ರ ಪಕ್ಕಕ್ಕೆ 4ನ್ನು "ಇಳಿಸಿಕೊಂಡಾಗ" ಆಗುವುದು ಇದೇ. ಮುರಿಸಿದ ನೂರು ಬಂದು, ಕಾದಿದ್ದ ನಾಲ್ಕು ಹತ್ತರ ಜೊತೆ ಸೇರಿ, ಹದಿನಾಲ್ಕು ಹತ್ತುಗಳಾಗಿದೆ. ವರ್ಷಗಟ್ಟಲೆ ಅಂಕಿ ಇಳಿಸಿದ ಮಕ್ಕಳಿಗೆ ಯಾಕೆ ಇಳಿಸುತ್ತೇವೆ ಎಂಬುದು ಈ ಹದಿನಾಲ್ಕು ನೋಟುಗಳನ್ನು ಕೈಯಲ್ಲಿ ಹಿಡಿದಾಗ ಮೊದಲ ಸಲ ತಿಳಿಯುತ್ತದೆ. ನೋಟು ಮುರಿಸಿದ ಕೂಡಲೇ, ಮುಂದಿನ ಹಂಚಿಕೆಗೆ ಹೋಗುವ ಮೊದಲು, ಆ 14ನ್ನು ಬರೆಸಬೇಕು. ಎಲ್ಲ ಹಂಚಿ ಮುಗಿದ ಮೇಲೆ ಒಟ್ಟಿಗೆ ಬರೆಸಿದರೆ ಕೈಯ ಕೆಲಸಕ್ಕೂ ಕಾಗದದ ಗುರುತಿಗೂ ಸಂಬಂಧ ಕಡಿದುಹೋಗುತ್ತದೆ, ಆಟ ಆಟವಾಗಿಯೇ ಉಳಿಯುತ್ತದೆ, ಲೆಕ್ಕ ಲೆಕ್ಕವಾಗಿಯೇ ಉಳಿಯುತ್ತದೆ.

ಮುಂದೆ ಸುಲಭ. ಹದಿನಾಲ್ಕರಲ್ಲಿ ಒಬ್ಬೊಬ್ಬರಿಗೆ ಮೂರು ಹತ್ತು, ಉಳಿದದ್ದು ಎರಡು. ಅವನ್ನೂ ಮುರಿಸಿದರೆ ಇಪ್ಪತ್ತು ಬಿಡಿ, ಇದ್ದ ಆರು ಸೇರಿ ಇಪ್ಪತ್ತಾರು. ಒಬ್ಬೊಬ್ಬರಿಗೆ ಆರು, ಉಳಿದದ್ದು ಎರಡು ರೂಪಾಯಿ. ಪ್ರತಿ ಹಾಳೆಯಲ್ಲೂ 136. ಎರಡು ರೂಪಾಯಿ ಶೇಷ. ಯಾರಾದರೂ ಒಂದು ಮಗು "ಅದನ್ನೂ ಮುರಿಸಬಹುದಲ್ವಾ ಮಿಸ್" ಎಂದು ಕೇಳಿದರೆ ದಯವಿಟ್ಟು ಸುಮ್ಮನಾಗಿಸಬೇಡಿ. ಎರಡು ರೂಪಾಯಿಗೆ ನಾಲ್ಕು ಎಂಟಾಣೆ, ಒಬ್ಬೊಬ್ಬರಿಗೆ ಒಂದು. 136 ರೂಪಾಯಿ 50 ಪೈಸೆ. ಆ ಮಗು ಆಗಲೇ ದಶಮಾಂಶದ ಹೊಸಿಲು ದಾಟಿದೆ.

ಇನ್ನೊಂದು ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು ಮೂರನ್ನೂ ಬಲಗಡೆಯ ಬಿಡಿ ಸ್ಥಾನದಿಂದ ಶುರುಮಾಡಿ ಎಂದು ಕಲಿಸಿದ ನಾವೇ ಭಾಗಾಕಾರವನ್ನು ಮಾತ್ರ ಎಡಗಡೆಯಿಂದ ಮಾಡು ಎನ್ನುತ್ತೇವೆ. ಕಾರಣ ಹೇಳುವುದಿಲ್ಲ. ನೋಟುಗಳು ಹೇಳುತ್ತವೆ. ಅದೇ 546ನ್ನು ಬಿಡಿಯಿಂದ ಹಂಚಿಸಿ ನೋಡಿ. ಆರು ಬಿಡಿಯಲ್ಲಿ ಒಬ್ಬೊಬ್ಬರಿಗೆ ಒಂದು, ಎರಡು ಉಳಿಯಿತು. ನಾಲ್ಕು ಹತ್ತು, ಒಬ್ಬೊಬ್ಬರಿಗೆ ಒಂದು. ಐದು ನೂರು, ಒಬ್ಬೊಬ್ಬರಿಗೆ ಒಂದು, ಒಂದು ಉಳಿಯಿತು. ಅದನ್ನು ಮುರಿಸಿದರೆ ಮತ್ತೆ ಹತ್ತರ ನೋಟುಗಳು ಬಂದವು, ಮತ್ತೆ ಹತ್ತರ ಹಂಚಿಕೆಗೆ ಕೂರಬೇಕು. ಎರಡೆರಡು ಕೊಟ್ಟ ಮೇಲೆ ಎರಡು ಉಳಿದವು, ಅವನ್ನೂ ಮುರಿಸಿ ಮತ್ತೆ ಬಿಡಿ ಹಂಚಬೇಕು. ಉತ್ತರ ಅದೇ 136, ಆದರೆ ಕೆಲಸ ಎರಡು ಸಲ. ದೊಡ್ಡ ನೋಟಿನಿಂದ ಶುರುಮಾಡಿದರೆ ಹಿಂದಕ್ಕೆ ಬರಬೇಕಾಗಿಲ್ಲ ಎಂದು ಮಕ್ಕಳೇ ತೀರ್ಮಾನ ಕೊಡುತ್ತಾರೆ. ಒಮ್ಮೆ ಹೀಗೆ ಕಂಡುಕೊಂಡ ನಿಯಮವನ್ನು ಅವರು ಮರೆತದ್ದನ್ನು ನಾನು ಕಂಡಿಲ್ಲ.

ಇನ್ನು ಸೊನ್ನೆಯ ವಿಷಯ. ಪರಿಹಾರ ಬೋಧನೆಯ ತರಗತಿಯಲ್ಲಿ ಕೂತ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ, ಮಕ್ಕಳು ಅತಿ ಹೆಚ್ಚು ಎಡವುವುದು ಭಾಗಲಬ್ಧದ ನಡುವೆ ಬರುವ ಸೊನ್ನೆಯಲ್ಲಿ. ಐದನೇ ತರಗತಿಯ ಹುಡುಗಿಯೊಬ್ಬಳು 618ನ್ನು 6ರಿಂದ ಭಾಗಿಸಿ 13 ಎಂದು ಬರೆದಿದ್ದಳು. ಆರೊಂದ್ಲ ಆರು, ಒಂದು ಇಳಿಸಿಕೊಂಡರೆ ಒಂದರಲ್ಲಿ ಆರು ಹೋಗುವುದಿಲ್ಲ, ಎಂಟನ್ನೂ ಇಳಿಸಿಕೊಂಡಳು, ಆರ್‌ಮೂರ್ಲ ಹದಿನೆಂಟು. ಅವಳ ಪ್ರಕಾರ ಲೆಕ್ಕ ಸರಿ, ಶೇಷವೂ ಸೊನ್ನೆ. ನಾನು ತಪ್ಪು ಎನ್ನಲಿಲ್ಲ. ಆರು ಹಾಳೆ ಹಾಸಿ ನೋಟು ಕೊಟ್ಟೆ. ಆರು ನೂರರ ನೋಟು ಸರಸರನೆ ಹಾಕಿದಳು. ಹತ್ತರ ಒಂದೇ ನೋಟನ್ನು ಹಿಡಿದುಕೊಂಡು, "ಒಂದು ಹತ್ತು ಆರು ಜನಕ್ಕೆ ಹೆಂಗ್ ಕೊಡೋದು ಮಿಸ್, ಚಿಲ್ಲರೆ ಮಾಡಿಸ್ಬೇಕು" ಎಂದಳು. ಚಿಲ್ಲರೆ ಮಾಡಿಸಿದಳು. ಹತ್ತು, ಎಂಟು ಸೇರಿ ಹದಿನೆಂಟು ಬಿಡಿ, ಮೂರು ಮೂರು ಹಾಕಿದಳು. ಈಗ ಒಂದು ಹಾಳೆಯಲ್ಲಿ ಎಷ್ಟಿದೆ ಓದು ಎಂದೆ. "ನೂರಾ ಮೂರು" ಎಂದು ಓದಿ, ತನ್ನ ನೋಟ್‌ಬುಕ್ಕಿನ 13ನ್ನು ನೋಡಿದಳು. ಹಾಳೆಯ ನಡುವಿನ ಸಾಲು ಖಾಲಿ ಇತ್ತು. ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ತಾನೇ 1ಕ್ಕೂ 3ಕ್ಕೂ ಮಧ್ಯೆ ಸೊನ್ನೆ ತುರುಕಿದಳು. "ಇಳಿಸಿದ ಮೇಲೆ ಹೋಗದಿದ್ದರೆ ಸೊನ್ನೆ ಹಾಕಬೇಕು" ಎನ್ನುವ ನಿಯಮವನ್ನು ಅವಳಿಗೆ ಎಷ್ಟು ಸಲ ಹೇಳಿರಬಹುದು! ನಿಯಮ ನಿಲ್ಲಲಿಲ್ಲ, ಖಾಲಿ ಸಾಲು ನಿಂತಿತು.

ಲೆಕ್ಕಕ್ಕೆ ಕೂರುವ ಮೊದಲೇ ಒಂದು ಅಂದಾಜು ಮಾಡಿಸುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಆರು ಜನಕ್ಕೆ ನೂರು ನೂರು ಕೊಡಲು 600 ಬೇಕು, ನಮ್ಮ ಹತ್ತಿರ 618 ಇದೆ, ಹಾಗಾದರೆ ಉತ್ತರ ನೂರಕ್ಕಿಂತ ಹೆಚ್ಚೇ ಇರಬೇಕು. ಇಷ್ಟು ಗೊತ್ತಿರುವ ಮಗುವಿಗೆ 13 ಎಂಬ ಉತ್ತರ ಕಂಡ ಕೂಡಲೇ ಅನುಮಾನ ಬರುತ್ತದೆ.

ನೋಟುಗಳಲ್ಲೇ ಮಗುವನ್ನು ಉಳಿಸಿಕೊಳ್ಳಬಾರದು, ಇದೂ ಅಷ್ಟೇ ಮುಖ್ಯ. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಕಲಿಕೆಯ ಮೂರು ಬಗೆಗಳನ್ನು ಹೇಳಿದರು: ಕೈಯಿಂದ ಮಾಡಿ ತಿಳಿಯುವುದು, ಚಿತ್ರದಿಂದ ತಿಳಿಯುವುದು, ಸಂಕೇತದಿಂದ ತಿಳಿಯುವುದು. ಸಿಂಗಪುರದ ಶಾಲೆಗಳು ತಮ್ಮ ಗಣಿತ ಬೋಧನೆಯನ್ನು ಇದೇ ಏಣಿಯ ಮೇಲೆ ಕಟ್ಟಿಕೊಂಡವು. ನಮ್ಮಲ್ಲಿ ನಡುವಿನ ಮೆಟ್ಟಿಲು ತಪ್ಪಿಹೋಗುತ್ತದೆ. ನೋಟು ಬಿಟ್ಟ ಮೇಲೆ ಕೆಲವು ದಿನ ಚಿತ್ರ ಬರೆಸಿ: ನೂರಕ್ಕೆ ಒಂದು ಚೌಕ, ಹತ್ತಕ್ಕೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕೆ. ಮುರಿಸಿದ ಚೌಕವನ್ನು ಹೊಡೆದುಹಾಕಿ ಹತ್ತು ಗೆರೆ ಎಳೆಯಲಿ. ಹತ್ತು ಗೆರೆ ಎಳೆದು ಎಳೆದು ಬೇಸರವಾದ ದಿನ ಮಗು ತಾನೇ ಚಿತ್ರ ಬಿಟ್ಟು ಅಂಕಿಗೆ ಬರುತ್ತದೆ. ಆ ಬೇಸರವನ್ನು ನಾವು ಬರಮಾಡಿಕೊಳ್ಳಬೇಕು. ಆಮೇಲೆ ನೂ, ಹ, ಬಿ ಎಂಬ ತಲೆಬರಹದ ಸಾಲುಗಳು ಮಾತ್ರ. ಕೊನೆಗೆ ಅವೂ ಬೇಡ. ಅಂಕಿಗಳನ್ನು ಅಡ್ಡಾದಿಡ್ಡಿ ಬರೆಯುವ ಮಕ್ಕಳಿಗೆ ಖರ್ಚಿಲ್ಲದ ಒಂದು ಉಪಾಯ ಇದೆ. ಗೆರೆ ಹಾಕಿದ ಮಾಮೂಲಿ ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿದರೆ ಗೆರೆಗಳು ನಿಂತುಕೊಳ್ಳುತ್ತವೆ, ಒಂದೊಂದು ಸಂದಿಗೆ ಒಂದೊಂದು ಅಂಕಿ. ಎಷ್ಟೋ "ತಪ್ಪು ಲೆಕ್ಕ"ಗಳು ಇಷ್ಟರಿಂದಲೇ ಸರಿಹೋಗುತ್ತವೆ.

ಮಗ್ಗಿ ಬಾರದ ಮಗುವಿಗೆ ಭಾಗಾಕಾರ ಕಲಿಸಬಾರದು, ಮೊದಲು ಮಗ್ಗಿ ಬಾಯಿಪಾಠ ಆಗಲಿ ಎಂದು ಹಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಗ್ಗಿ ಬೇಕೇ ಬೇಕು, ಅದರ ಅಭ್ಯಾಸ ದಿನವೂ ನಡೆಯಲಿ. ಆದರೆ ಮಗ್ಗಿ ಬರುವ ತನಕ ಭಾಗಾಕಾರದ ಬಾಗಿಲು ಮುಚ್ಚಿಟ್ಟರೆ ಆ ಮಗು ಏಳನೇ ತರಗತಿಯಲ್ಲೂ ಹೊರಗೇ ಇರುತ್ತದೆ. ಮಗ್ಗಿಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಮಾಡಲಿ. ಒಂದು ಸಲಕ್ಕೆ ಒಂದು ಕಷ್ಟ ಸಾಕು.

ಎಲ್ಲ ದೃಶ್ಯ ಸಾಧನವೂ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. "ಭಾಗಿಸು, ಗುಣಿಸು, ಕಳೆ, ಇಳಿಸು" ಎಂದು ಬಣ್ಣಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದ ಚಾರ್ಟು ಕ್ರಮವನ್ನು ನೆನಪಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಮೊಬೈಲಿನ ವೀಡಿಯೊದಲ್ಲಿ ನೋಟುಗಳು ತಾವೇ ಹಾರಿ ತಾವೇ ಮುರಿದುಕೊಳ್ಳುತ್ತವೆ. ಮಗು ನೋಡುತ್ತದೆ, ಮಾಡುವುದಿಲ್ಲ. ಸಾಧನ ಮಗುವಿನ ಕೈಯಲ್ಲಿರಬೇಕು, ಅದರ ಒಂದೊಂದು ಚಲನೆಗೂ ಕಾಗದದಲ್ಲಿ ಒಂದೊಂದು ಗುರುತು ಬೀಳಬೇಕು. ಈ ಎರಡು ಇಲ್ಲದ ಮೇಲೆ ಅದು ಅಲಂಕಾರ.

ಭಾಜಕ 23ರಂತೆ ಎರಡಂಕಿಯದಾದಾಗ ಇಪ್ಪತ್ಮೂರು ಹಾಳೆ ಹಾಸಿ ಹಂಚಲು ಆಗುವುದಿಲ್ಲ. ಅಲ್ಲಿ ಚಿತ್ರ ಬದಲಾಗಬೇಕು. 782ನ್ನು 23ರಿಂದ ಭಾಗಿಸಬೇಕು ಎನ್ನಿ. 782 ಚದರದ ಒಂದು ಆಯತ, ಒಂದು ಬದಿ 23, ಇನ್ನೊಂದು ಬದಿ ಎಷ್ಟು? 23ರ ಹತ್ತರಷ್ಟು 230. ಅಂಥ ಮೂರು ಪಟ್ಟಿ ಕತ್ತರಿಸಿದರೆ 690 ಹೋಯಿತು, ಉಳಿದದ್ದು 92. 23ರ ಎರಡರಷ್ಟು 46, ಅಂಥವು ಎರಡು. ಹತ್ತು, ಹತ್ತು, ಹತ್ತು, ಎರಡು, ಎರಡು: ಒಟ್ಟು 34. ಚುರುಕಾದ ಮಗು ಮೂವತ್ತನ್ನು ಒಂದೇ ಏಟಿಗೆ ಕತ್ತರಿಸುತ್ತದೆ, ನಿಧಾನದ ಮಗು ಹತ್ತು ಹತ್ತಾಗಿ ಕತ್ತರಿಸುತ್ತದೆ. ಇಬ್ಬರಿಗೂ ಉತ್ತರ ಒಂದೇ. ಕಡಿಮೆ ಕತ್ತರಿಸಿದರೂ ಲೆಕ್ಕ ಕೆಡುವುದಿಲ್ಲ, ಇನ್ನೊಮ್ಮೆ ಕತ್ತರಿಸಿದರಾಯಿತು. ರೂಢಿಯ ವಿಧಾನದಲ್ಲಿ ಭಾಗಲಬ್ಧದ ಅಂಕಿಯನ್ನು ತಪ್ಪಾಗಿ ಊಹಿಸಿದರೆ ಅಳಿಸಿ ಆ ಹೆಜ್ಜೆಯನ್ನು ಮತ್ತೆ ಮಾಡಬೇಕು. ಹೆದರಿರುವ ಮಗುವಿಗೆ ಆ ಅಳಿಸುವಿಕೆಯೇ ದೊಡ್ಡ ಪೆಟ್ಟು.

ಈ ಸಂದರ್ಭದಲ್ಲಿ ನಮ್ಮ ನೆಲದ ಒಬ್ಬ ಗಣಿತಜ್ಞರನ್ನು ನೆನೆಯಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಭಾಗಾಕಾರಕ್ಕೆ ಅವರು ಕೊಟ್ಟ ಸೂತ್ರದಲ್ಲಿ ಭಾಜ್ಯದ ಕೆಳಗೆ ಭಾಜಕವನ್ನಿಟ್ಟು, ಎರಡಕ್ಕೂ ಸಾಮಾನ್ಯವಾದ ಅಪವರ್ತನಗಳನ್ನು ತೆಗೆದು ಭಾಗಿಸುವ ಕ್ರಮ ಇದೆ. ಎರಡಂಕಿಯ ಭಾಜಕಕ್ಕೆ ಹೆದರುವ ಮಗುವಿಗೆ ಇದು ಇವತ್ತಿಗೂ ಒದಗುತ್ತದೆ. 432 ಭಾಗಿಸು 24. ಎರಡನ್ನೂ ಅರ್ಧ ಮಾಡು, 216 ಮತ್ತು 12. ಮತ್ತೆ ಅರ್ಧ, 108 ಮತ್ತು 6. ಮತ್ತೆ ಅರ್ಧ, 54 ಮತ್ತು 3. ಉತ್ತರ 18. ಶೇಷ ಬರುವ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು: 434ನ್ನು 24ರಿಂದ ಭಾಗಿಸಿದರೆ ಶೇಷ 2, ಎರಡನ್ನೂ ಅರ್ಧ ಮಾಡಿ 217ನ್ನು 12ರಿಂದ ಭಾಗಿಸಿದರೆ ಶೇಷ 1. ಭಾಗಲಬ್ಧ ಎರಡರಲ್ಲೂ 18, ಶೇಷ ಮಾತ್ರ ಅರ್ಧವಾಗಿದೆ. ಯಾಕೆ ಹೀಗಾಯಿತು ಎಂದು ಆರನೇ ತರಗತಿಯ ಮಕ್ಕಳಿಗೆ ಕೇಳಿ ನೋಡಿ, ಒಂದು ಪೀರಿಯಡ್ ಪೂರ್ತಿ ಚರ್ಚೆ ನಡೆಯುತ್ತದೆ. ಇಂದಿನ ರೂಪದ ದೀರ್ಘ ಭಾಗಾಕಾರ ಮುದ್ರಣಕ್ಕೆ ಬಂದದ್ದು ಬಹಳ ಆಮೇಲೆ, 1491ರಲ್ಲಿ, ಫ್ಲಾರೆನ್ಸಿನ ಫಿಲಿಪ್ಪೊ ಕಲಾಂದ್ರಿಯ ಪುಸ್ತಕದಲ್ಲಿ. ಭಾಗಿಸಲು ಒಂದೇ ದಾರಿ ಇರಲಿಲ್ಲ, ಈಗಲೂ ಇರಬೇಕಾಗಿಲ್ಲ.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಪೋಷಕರು ಕೇಳುವುದುಂಟು. 1ನ್ನು 7ರಿಂದ ಭಾಗಿಸಿದರೆ ಮೊಬೈಲು 0.142857142857 ಎಂದು ತೋರಿಸುತ್ತದೆ. ಆರು ಅಂಕಿಗಳು ಮತ್ತೆ ಮತ್ತೆ ಬರುತ್ತಿವೆ ಎಂದು ಕಾಣುತ್ತದೆ, ಯಾಕೆ ಎಂದು ಕಾಣುವುದಿಲ್ಲ. ಕೈಯಲ್ಲಿ ಭಾಗಿಸಿದ ಮಗುವಿಗೆ ಕಾಣುತ್ತದೆ: ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 1ರಿಂದ 6ರ ತನಕ ಮಾತ್ರ, ಹಾಗಾಗಿ ಹೆಚ್ಚೆಂದರೆ ಆರು ಹೆಜ್ಜೆಯೊಳಗೆ ಹಳೆಯ ಶೇಷ ಮರಳಿ ಬರಲೇಬೇಕು, ಬಂದ ಮೇಲೆ ಅಂಕಿಗಳೂ ಮರಳಲೇಬೇಕು. ಮುಂದೆ ಬಹುಪದೋಕ್ತಿಗಳನ್ನು ಭಾಗಿಸುವಾಗ ಬೇಕಾಗುವುದೂ ಇದೇ ಕ್ರಮ. ಹಿಂದೆ ಬಿದ್ದ ಮಗುವಿಗೆ ಇದರಲ್ಲಿ ಪಾಲು ಬೇಡ ಎನ್ನುವ ಹಕ್ಕು ನಮಗಿಲ್ಲ.

ಇಲ್ಲಿ ಸೇರಿರುವ ಮುಖ್ಯ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ (ಸಿಆರ್‌ಪಿ) ನನ್ನ ವಿನಂತಿ ಇಷ್ಟು. ಗಣಿತದ ಕಿಟ್ ಕೆಲವು ಶಾಲೆಗಳಲ್ಲಿ ಹಾಳಾದೀತು, ಕಳೆದುಹೋದೀತು ಎಂಬ ಭಯದಿಂದ ಬೀರುವಿನೊಳಗೆ ಇರುತ್ತದೆ. ದಾಸ್ತಾನು ವಹಿಯಲ್ಲಿ ಲೆಕ್ಕ ಸರಿಯಾಗಿರುತ್ತದೆ, ಮಕ್ಕಳಿಗೆ ಲೆಕ್ಕ ಬರುವುದಿಲ್ಲ. ಹತ್ತು ಬಿಲ್ಲೆ ಕಳೆದರೆ ಶಿಕ್ಷಕರನ್ನು ಪ್ರಶ್ನಿಸಬೇಡಿ, ಬೇರೆ ಹತ್ತು ಮಾಡಿಸಿಕೊಡಿ. ಹಿಂದಿನ ವರ್ಷದ ಕಲಿಕೆಯನ್ನು ಗಟ್ಟಿಮಾಡುವ ಜೂನ್ ತಿಂಗಳ ಸೇತುಬಂಧದಲ್ಲಿ ಐದು, ಆರು, ಏಳನೇ ತರಗತಿಯ ಯಾವ ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ ಎಂದು ಪಟ್ಟಿ ಮಾಡುತ್ತೀರಿ; ಆ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆಯಂತೆ ಮೂರು ವಾರ ಕೊಡಿ, ಪಠ್ಯ ಮುಗಿಸುವ ಒತ್ತಡವನ್ನು ಆ ಅರ್ಧ ಗಂಟೆಯ ಹೊರಗೆ ನಿಲ್ಲಿಸಿ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಸಲ ನೀವೇ ನೆಲದ ಮೇಲೆ ಕೂತು 546ನ್ನು ನಾಲ್ವರಿಗೆ ಹಂಚಿ ನೋಡಿ. ಹಿಂದಿನ ಮೇಜಿನ ಮೇಲೆ ರಟ್ಟಿನ ನೋಟುಗಳ ಕಟ್ಟುಗಳಿವೆ. ಈ ಭಾಷಣ ಮುಗಿದ ಮೇಲೆ ಪ್ರತಿ ಶಾಲೆಯವರೂ ಒಂದೊಂದು ತೆಗೆದುಕೊಂಡು ಹೋಗಬೇಕು.